ಎರಡು ಸ್ಟಾರ್ ಹಾಕಿದ ಕಾಮೆಂಟು

ಜಾವಾ ಎಂಬ ಪ್ರೋಗ್ರಾಮಿಂಗ್ ಭಾಷೆ ಆಗಷ್ಟೇ ನಮ್ಮ ಕಡೆ ಕಾಲಿಟ್ಟಿದ್ದ ದಿನಗಳು. ಪೀಣ್ಯದ ಒಂದು ಶೆಡ್‌ನ ಮಹಡಿಯಲ್ಲಿ ನಮ್ಮ ಪುಟ್ಟ ಕಂಪನಿ ಇತ್ತು. ಕೆಳಗೆ ಪ್ರೆಸ್ ಮಿಷಿನ್ ಬಡಿದಾಗಲೆಲ್ಲ ಮೇಲೆ ನಮ್ಮ ಮಾನಿಟರುಗಳು ಅದುರುತ್ತಿದ್ದವು. ಕಾರ್ಖಾನೆಗಳ ಫರ್ನೇಸ್ ಎಷ್ಟು ಕಾದಿದೆ ಎಂದು ಪರದೆಯ ಮೇಲೆ ತೋರಿಸುವ ಪ್ರೋಗ್ರಾಂ ಜಾವಾದಲ್ಲಿ ಬರೆಯುವುದು ನಮ್ಮ ಕೆಲಸ. ಬರೆಯುವವರು ಇಬ್ಬರೇ: ಬಾಗಲಗುಂಟೆಯಿಂದ ಬಸ್ಸಿನಲ್ಲಿ ಬರುತ್ತಿದ್ದ ನಾನು, ಲಗ್ಗೆರೆಯಿಂದ ಸೈಕಲ್ ತುಳಿದು ಬರುತ್ತಿದ್ದ ನನ್ನ ಸಹೋದ್ಯೋಗಿ.

ಆ ವಾರ ನಮ್ಮ ಯಜಮಾನರು ತಲೆ ಮೇಲೆ ಕೈಹೊತ್ತು ಕೂತಿದ್ದರು. ಶುಕ್ರವಾರ ಹುಬ್ಬಳ್ಳಿ ಕಡೆಯ ಕಾರ್ಖಾನೆಯೊಂದರ ಎಲೆಕ್ಟ್ರಿಕಲ್ ವಿಭಾಗದ ಮುಖ್ಯಸ್ಥರು ಬರುವವರಿದ್ದರು. ಪ್ರೋಗ್ರಾಮಿನ ಯಾವ ಭಾಗ ಏನು ಮಾಡುತ್ತದೆ ಎಂಬ ಪೂರ್ತಿ ವಿವರಣೆ ಅವರಿಗೆ ಬೇಕಿತ್ತು. ನಾನು ಹಿಂದೆ ಟೈಪ್ ಮಾಡಿಟ್ಟಿದ್ದ ಮ್ಯಾನ್ಯುಯಲ್‌ಗೂ ಈಗಿನ ಪ್ರೋಗ್ರಾಮಿಗೂ ಸಂಬಂಧವೇ ಉಳಿದಿರಲಿಲ್ಲ. ನಾವು ಬದಲಾಯಿಸುತ್ತ ಹೋಗಿದ್ದೆವು, ಅದು ಇದ್ದಲ್ಲೇ ಇತ್ತು.

ಊಟದ ಹೊತ್ತಿನಲ್ಲಿ, ಜಾವಾ ಸಿ.ಡಿ.ಯ ಜೊತೆ ಬಂದಿದ್ದ ಹಾಳೆಗಳನ್ನು ತಿರುವುತ್ತಿದ್ದವಳು ಚಿತ್ರಾನ್ನದ ಡಬ್ಬಿ ಬಿಟ್ಟು ಎದ್ದು ನಿಂತೆ. ಕಾಮೆಂಟ್ ಎಂದರೆ ಪ್ರೋಗ್ರಾಮಿನ ನಡುವೆ ಮನುಷ್ಯರಿಗಾಗಿ ಬರೆದಿಡುವ ಮಾತು. ಕಂಪ್ಯೂಟರು ಅದನ್ನು ಗಮನಿಸದೆ ದಾಟಿಹೋಗುತ್ತದೆ. ಆದರೆ ಕಾಮೆಂಟಿನ ಮೊದಲಿಗೆ ಒಂದರ ಬದಲು ಎರಡು ಸ್ಟಾರ್ ಗುರುತು (**) ಹಾಕಿದರೆ, ಅಂಥವನ್ನೆಲ್ಲ ಆಯ್ದು ಪುಟಗಳನ್ನು ಕಟ್ಟಿಕೊಡುವ ಕಮಾಂಡ್ ಒಂದು ಅದೇ ಸಿ.ಡಿ.ಯಲ್ಲಿತ್ತು!

ಕೈ ತೊಳೆದವಳೇ ಒಂದು ಸಣ್ಣ ಫೈಲಿನ ಮೇಲೆ ಪ್ರಯತ್ನಿಸಿದೆ. ಬ್ರೌಸರ್ ತೆರೆದರೆ, ನಾನು ಬರೆದ ಸಾಲುಗಳೇ ಶೀರ್ಷಿಕೆ ಹೊತ್ತು, ನೀಲಿ ಗೆರೆ ಎಳೆಸಿಕೊಂಡು ಕೂತಿದ್ದವು. ನೀಲಿ ಹೆಸರನ್ನು ಒತ್ತಿದರೆ ಆ ಭಾಗದ ವಿವರಣೆಗೇ ಜಿಗಿಯುತ್ತಿತ್ತು.

“ರೀ, ಬನ್ರೀ ಇಲ್ಲಿ! ಬೇಗ ಬನ್ರೀ!” ಎಂದು ಕೂಗಿಕೊಂಡೆ.

ಸಹೋದ್ಯೋಗಿ ಓಡಿ ಬಂದು ಬಗ್ಗಿ ನೋಡಿದ. “ಸಕ್ಕತ್ತಾಗಿದೆ ಕಣ್ರೀ! ಇದನ್ನ ಯಾವಾಗ ಟೈಪ್ ಮಾಡಿದ್ರಿ?”

“ಮಾಡೇ ಇಲ್ಲ. ಅದೇ ಮಾಡ್ಕೊಳ್ತು.”

ಆಮೇಲೆ ನನಗೆ ತಡೆಯಲಾಗಲಿಲ್ಲ. ಇಡೀ ಪ್ರೋಗ್ರಾಮಿನಲ್ಲಿದ್ದ ಕಾಮೆಂಟುಗಳಿಗೆಲ್ಲ ಎಡಿಟರಿನಲ್ಲಿ ಒಂದೇ ಏಟಿಗೆ ಎರಡನೇ ಸ್ಟಾರ್ ಅಂಟಿಸಿಬಿಟ್ಟೆ. ಖಾಲಿ ಇದ್ದ ಕಡೆಗಳಲ್ಲಿ ಹೊಸದಾಗಿ ಬರೆದೆ. ಬಸ್ಸಿನಲ್ಲಿ ನಿಂತುಕೊಂಡೇ ಮರುದಿನದ ವಾಕ್ಯಗಳನ್ನು ಮನಸ್ಸಿನಲ್ಲಿ ಜೋಡಿಸುತ್ತಿದ್ದೆ.

ಶುಕ್ರವಾರ ಬೆಳಿಗ್ಗೆ ಹುಬ್ಬಳ್ಳಿ ಕಡೆಯ ಆ ಅತಿಥಿಗಳು ಒಬ್ಬರೇ ಬಂದರು. ಹಣೆಯಲ್ಲಿ ತೆಳುವಾದ ವಿಭೂತಿ, ಅರ್ಧ ತೋಳಿನ ಅಂಗಿ. ಕುರ್ಚಿ ಎಳೆದುಕೊಂಡು, ಮೌಸನ್ನು ತಾವೇ ಹಿಡಿದು ಒಂದೊಂದೇ ಪುಟ ಓದತೊಡಗಿದರು. ಯಜಮಾನರ ಮುಖ ಅರಳಿತ್ತು. ಅಷ್ಟರಲ್ಲಿ ಅತಿಥಿಗಳ ಕೈ ನಿಂತಿತು. ಇಂಗ್ಲಿಷ್ ಅಕ್ಷರದಲ್ಲಿ ಬರೆದಿದ್ದ ಒಂದು ಕನ್ನಡ ಸಾಲನ್ನು ಅವರು ಗಟ್ಟಿಯಾಗಿ ಓದಿದರು:

“ಮುಟ್ಬೇಡ ಗುರು. ಯಾಕೆ ವರ್ಕ್ ಆಗ್ತಿದೆ ಅಂತ ನಂಗೂ ಗೊತ್ತಿಲ್ಲ.”

ಸಹೋದ್ಯೋಗಿ ಎಂದೋ ತನಗಾಗಿ ಬರೆದುಕೊಂಡಿದ್ದ ಮಾತದು. ಅದಕ್ಕೂ ನಾನು ಸ್ಟಾರ್ ಅಂಟಿಸಿದ್ದೆ. ಅವನು ಕಿವಿಯವರೆಗೂ ಕೆಂಪಾಗಿ, “ಸಾರ್, ಅದು... ನಾನೇ ಬರ್ದಿದ್ದು” ಎಂದ.

ಅತಿಥಿಗಳು ಹೊಟ್ಟೆ ಹಿಡಿದುಕೊಂಡು ನಕ್ಕರು. “ಇಷ್ಟು ಖರೇ ಮಾತು ನಾ ಯಾವ ಮ್ಯಾನ್ಯುಯಲ್‌ನಾಗೂ ಓದಿಲ್ರೀ! ಏನ್ ಮಾಡೀರಿ ಇಲ್ಲಿ, ಹೇಳ್ರಿ ನೋಡೋಣ.”

“ನಾವು ಮೊದ್ಲು ಹಾಕಿದ ಕಾರ್ಖಾನೆಲಿ ಫರ್ನೇಸ್ ಆನ್ ಆದ ತಕ್ಷಣ ಟೆಂಪರೇಚರ್ ತಪ್ಪು ಬರ್ತಿತ್ತು ಸಾರ್. ಮೊದಲನೇ ರೀಡಿಂಗ್ ಬಿಟ್ಟು, ಇನ್ನೊಂದ್ಸಲ ಓದಿದ್ರೆ ಸರಿಯಾಗಿ ಬರುತ್ತೆ. ಯಾಕೆ ಅಂತ ಮಾತ್ರ ಗೊತ್ತಾಗ್ಲಿಲ್ಲ.”

“ಅಲ್ಲಿ ನಿಮ್ಮ ಕಾವು ಅಳೆಯೋ ಸೆನ್ಸರ್ ವೈರು ಫರ್ನೇಸಿನ ಪವರ್ ಕೇಬಲ್ ಮಗ್ಗಲ್ದಾಗ ಹೊಂಟೈತೇನು?”

“ಹೌದು ಸಾರ್, ಎರಡೂ ಒಟ್ಟಿಗೇ ಹೋಗಿವೆ.”

“ಅದಕ್ಕ! ಸ್ವಿಚ್ ಬಿದ್ದ ಕೂಡ್ಲೇ ಆ ಕೇಬಲ್ ಕರೆಂಟಿನ ಗದ್ದಲ ಮಾಡ್ತೈತಿ. ನಿಮ್ಮ ವೈರು ಅದನ್ನ ಕೇಳಿಸ್ಕೊಂಡು ಮೊದಲ್ನೇ ರೀಡಿಂಗ್ ತಪ್ಪು ಕೊಡ್ತೈತಿ. ನೀವು ಮಾಡಿದ್ದು ಬರೋಬರಿ ಐತಿ, ಆದ್ರ ನಮ್ಮಲ್ಲಿ ಎರಡೂ ಬ್ಯಾರೆ ಬ್ಯಾರೆ ಪೈಪಿನಾಗ ಎಳೀರಿ.” ಆಮೇಲೆ ನನ್ನ ಕಡೆ ತಿರುಗಿ, “ತಂಗಿ, ಈ ಸಾಲು ಈಗ ತಿದ್ದಿದ್ರ ಪುಟ ಯಾವಾಗ ಬದಲಾಗ್ತೈತಿ?” ಎಂದರು.

“ಈಗ್ಲೇ ಸಾರ್.”

ಸಹೋದ್ಯೋಗಿ ಹೇಳುತ್ತ ಹೋದ, ನಾನು ಟೈಪ್ ಮಾಡಿದೆ. ಕಮಾಂಡ್ ಕೊಟ್ಟೆ. ಹಾರ್ಡ್ ಡಿಸ್ಕ್ ಕರಕರ ಎಂದಿತು. ಬ್ರೌಸರಿನಲ್ಲಿ ರೀಲೋಡ್ ಒತ್ತಿದೆ. ಸ್ವಿಚ್ಚು, ಕೇಬಲ್ಲು, ಬಿಟ್ಟುಬಿಟ್ಟ ಮೊದಲನೇ ರೀಡಿಂಗು, ಎಲ್ಲವೂ ಆ ಪುಟದಲ್ಲಿ ಬಂದು ಕೂತವು. ಅತಿಥಿಗಳು ಮೇಜು ಕುಟ್ಟಿ, “ಭಾಳ ಛಲೋ ಆತು! ಬರೀ ಪ್ರೋಗ್ರಾಂ ಬ್ಯಾಡ, ಈ ಪುಟಾನೂ ಸಿ.ಡಿ.ಗೆ ಹಾಕಿ ಕೊಡ್ರಿ” ಎಂದರು. ನನಗೆ ಕುಣಿದುಬಿಡಬೇಕು ಎನ್ನಿಸುತ್ತಿತ್ತು. ಯಜಮಾನರು ಎದುರಿಗಿದ್ದರು, ಹಾಗಾಗಿ ಎಲ್ಲರಿಗೂ ಕಾಫಿ ಹೇಳಲು ಮೆಟ್ಟಿಲಿಳಿದು ಓಡಿದೆ.

ಅಂದಿನಿಂದ ನಮ್ಮಿಬ್ಬರಿಗೂ ಹೊಸ ಹುಚ್ಚು ಹಿಡಿಯಿತು. ಒಂದು ಸಾಲು ಕಾಮೆಂಟು ಬರೆಯಲೂ ಬೇಸರಪಡುತ್ತಿದ್ದ ಸಹೋದ್ಯೋಗಿ ಈಗ ಪ್ಯಾರಾಗಟ್ಟಲೆ ಬರೆಯತೊಡಗಿದ. ಬೆಳಿಗ್ಗೆ ಬಂದ ತಕ್ಷಣ ನಾನು ಅವನ ಪುಟಗಳನ್ನು ತೆರೆದು ಓದುತ್ತಿದ್ದೆ. ಅರ್ಥವಾಗದ ಕಡೆ, “ಇಲ್ಲಿ ಇನ್ನೂ ಸ್ವಲ್ಪ ಬಿಡಿಸಿ ಬರೀರಿ” ಎಂದು ಕೂಗುತ್ತಿದ್ದೆ. ಅವನು ಪ್ರೆಸ್ಸಿನ ಸದ್ದನ್ನೂ ಮೀರಿಸಿ, “ಆಯ್ತು ಮೇಡಂ, ಬರ್ದೆ!” ಎನ್ನುತ್ತಿದ್ದ.