ಗೀಸರಣ್ಣನ ಹಕ್ಕಳೆಯೂ ಅಕ್ಕನ ಮೀನೂ

ಗಡಸು ನೀರಿನ ಮೇಲೆ ಮೂವತ್ತು ವರ್ಷ ಯುದ್ಧ ಮಾಡಿದ ಮಹಾವೀರ ನಮ್ಮ ಬೀದಿಯಲ್ಲೇ ಇದ್ದಾನೆ. ಬಲಗೈಯಲ್ಲಿ ಸ್ಕ್ರೂಡ್ರೈವರ್, ಎಡಗೈಯಲ್ಲಿ ವಿನೆಗರ್ ಬಾಟಲಿ. ಬೋರ್‌ವೆಲ್ ನೀರು ಗೀಸರಿನ ಕಾಯಿಲಿಗೆ ಸುಣ್ಣದ ಹಕ್ಕಳೆ ಕಟ್ಟಿಸಿದಾಗಲೆಲ್ಲ ಜನ ಅವನಿಗೇ ಫೋನು ಮಾಡುತ್ತಾರೆ. ಅಪ್ಪ ಅಮ್ಮ ಇಟ್ಟ ಹೆಸರು ಎಂದೋ ಕರಗಿಹೋಗಿ ಗೀಸರಣ್ಣ ಎಂಬುದಷ್ಟೇ ಉಳಿದಿದೆ.

ಸೋತ ಶತ್ರುವಿನ ಕಿರೀಟ ಹೊತ್ತು ತರುವುದು ವೀರರ ವಾಡಿಕೆ. ಗೀಸರಣ್ಣ ಹಕ್ಕಳೆ ಹೊತ್ತು ತರುತ್ತಿದ್ದ. ಅವನ ಷೋಕೇಸಿನಲ್ಲಿ ಲಾಡ್ಜಿನ ಬಾಯ್ಲರಿನದು ಅಂಗೈಯಗಲವಿತ್ತು. ಹೆರಿಗೆ ಆಸ್ಪತ್ರೆಯದು ಹೂಕೋಸಿನಂತೆ ಅರಳಿತ್ತು. ಅವನು ಅವನ್ನು ಟ್ರೋಫಿ ಎನ್ನುತ್ತಿದ್ದ. ಹೆಂಡತಿ ಮಾತ್ರ, “ಯಾರದ್ದೋ ಉದುರಿದ ಹಲ್ಲು ಜೋಡಿಸಿಟ್ಟ ಹಾಗಿದೆ ರೀ” ಎನ್ನುತ್ತಿದ್ದಳು.

ಇಂಥ ವೀರ ಹೆದರುತ್ತಿದ್ದುದು ಅಕ್ಕನೊಬ್ಬಳಿಗೇ. ಒಂಬತ್ತನೆಯ ವಯಸ್ಸಿನಲ್ಲಿ ಅವನು ಅಕ್ಕ ಸಾಕಿದ ಆಮೆಯನ್ನು ಹೊಳೆಯಲಿ ಎಂದು ಬಟ್ಟೆ ಸೋಪು ಹಾಕಿ ತಿಕ್ಕಿದ್ದ. ಆಮೆ ಸಾಯಲಿಲ್ಲ, ಮರುದಿನವೇ ಮನೆ ಬಿಟ್ಟು ಹೋಯಿತು. ಅಂದಿನಿಂದ ಅಕ್ಕ ಅವನ ಕೈಗೆ ಒಂದು ಛತ್ರಿಯನ್ನೂ ನಂಬಿ ಕೊಟ್ಟವಳಲ್ಲ. ಈಗ ಕಣ್ಣಿನ ಪೊರೆಯ ಆಪರೇಷನ್‌ಗೆಂದು ಮೂರು ವಾರ ಮಗಳ ಮನೆಗೆ ಹೊರಟಾಗ ಬೇರೆ ದಿಕ್ಕಿಲ್ಲದೆ, ತಾನು ಸಾಕಿದ ಒಂಟಿ ಏಂಜಲ್ ಮೀನನ್ನು ತೊಟ್ಟಿ ಸಮೇತ ತಮ್ಮನ ಮನೆಗೆ ತಂದಿಟ್ಟಳು. ತನ್ನ ಮನೆಯ ಬೀಗದ ಕೈಯನ್ನು ಮಾತ್ರ ಕೊಡಲಿಲ್ಲ.

“ಇದು ಆಮೆ ಅಲ್ಲ, ನೆನಪಿರ್ಲಿ.”

“ನಲವತ್ತೈದು ವರ್ಷ ಆಯ್ತಲ್ಲಕ್ಕಾ!”

“ಆಮೆಗಳು ನೂರು ವರ್ಷ ಬದುಕ್ತಾವೆ ಕಣೋ. ಅದಿನ್ನೂ ಮರೆತಿರಲ್ಲ.”

ಅತಿಥಿಗೆ ಕೊರತೆಯಾಗಬಾರದೆಂದು ಗೀಸರಣ್ಣ ತೊಟ್ಟಿಗೆ ಹೊಸ ನೀರು ತುಂಬಿ, ತಳದಲ್ಲಿ ತನ್ನ ಟ್ರೋಫಿಗಳನ್ನೆಲ್ಲ ಕೋಟೆಯಂತೆ ಜೋಡಿಸಿದ. ಮೂರನೆಯ ದಿನಕ್ಕೆ ಮೀನಿನ ಬಣ್ಣ ಮಾಸಿತು. ರೆಕ್ಕೆ ಮುದುರಿ ಮೂಲೆ ಹಿಡಿಯಿತು. ಗೀಸರಣ್ಣ ಬಾಟಲಿಯಲ್ಲಿ ಒಯ್ದ ತೊಟ್ಟಿಯ ನೀರಿಗೆ ಸಾಕುಮೀನಿನ ಅಂಗಡಿಯವನು ಎರಡು ಹನಿ ಪರೀಕ್ಷೆಯ ಔಷಧಿ ಬಿಟ್ಟ. ನೀರು ಕಡುನೀಲಿಯಾಯಿತು.

“ಪಿಎಚ್ ತುಂಬಾ ಮೇಲಿದೆ ಸಾರ್, ಕ್ಷಾರ ಜಾಸ್ತಿ. ಹಳದಿಗೆ ಬಂದ್ರೆ ಇಳಿದ ಹಾಗೆ. ಗಡಸು ನೀರು.”

ಗಡಸು ನೀರೇ? ಹಳೆಯ ವೈರಿ ಮನೆಯೊಳಗೇ ನುಗ್ಗಿದ್ದಾನೆ! ಪರೀಕ್ಷೆಯ ಬಾಟಲಿ ಕೊಂಡು ಮನೆಗೆ ಓಡಿದ ಗೀಸರಣ್ಣ ತೊಟ್ಟಿಗೆ ಎರಡು ಚಮಚ ವಿನೆಗರ್ ಸುರಿದ. ಸಂಜೆ ಪರೀಕ್ಷಿಸಿದರೆ ನೀರು ಹಳದಿ. ವಿಜಯೋತ್ಸವಕ್ಕೆ ಕಾಫಿ ಆಯಿತು. ಬೆಳಿಗ್ಗೆ ಮತ್ತೆ ನೀಲಿ. ಮತ್ತೆರಡು ಚಮಚ, ಮತ್ತೆ ಹಳದಿ, ಮತ್ತೆ ನೀಲಿ. ಐದು ದಿನ ಹೀಗೇ ಘೋರ ಸಂಗ್ರಾಮ ನಡೆದು, ಏಟೆಲ್ಲ ಮೀನಿಗೆ ಬಿತ್ತು. ಅದು ವಾಲಿಕೊಂಡು ಈಜತೊಡಗಿತು.

“ಜೋಕಾಲಿ ಆಡಿಸ್ತಿದೀರಾ ಸಾರ್?” ಕತೆ ಕೇಳಿ ಅಂಗಡಿಯವನು ಹೌಹಾರಿದ. “ಪಿಎಚ್ ಏರಿದ್ದಕ್ಕಿಂತ ಹೀಗೆ ಹತ್ತಿ ಇಳಿಯೋದೇ ಮೀನಿಗೆ ಕೆಟ್ಟದ್ದು. ತೊಟ್ಟೀಲಿ ಸುಣ್ಣದ ಕಲ್ಲೇನಾದ್ರೂ ಇದ್ಯಾ?”

“ಛೆ ಛೆ, ಒಂದು ಕಲ್ಲೂ ಇಲ್ಲ. ಬರೀ ಟ್ರೋಫಿ.”

ಅಂದು ಮಧ್ಯಾಹ್ನ ಅವನು ಆರನೆಯ ಸುತ್ತಿಗೆಂದು ವಿನೆಗರ್ ಬಾಟಲಿ ಬಗ್ಗಿಸುತ್ತಿದ್ದಾಗ ಹೆಂಡತಿ ಕೈ ಹಿಡಿದಳು. ತೊಟ್ಟಿಯಿಂದ ಲಾಡ್ಜಿನ ಹಕ್ಕಳೆಯನ್ನು ಎತ್ತಿ ತಟ್ಟೆಗೆ ಹಾಕಿ, ಅದರ ಮೇಲೆ ವಿನೆಗರ್ ಬಿಟ್ಟಳು. ಅದು ಬುಸುಬುಸು ನೊರೆಯೆದ್ದು ಕರಗತೊಡಗಿತು.

“ಕಾಯಿಲಿನ ಸುಣ್ಣ ಕರಗಿಸೋ ಔಷಧೀನ ಸುಣ್ಣದ ಕೋಟೆಗೇ ಹೊಯ್ತಿದೀರಲ್ಲ ರೀ! ಅದು ಕರಗಿದಷ್ಟೂ ನೀರು ಗಡಸಾಗ್ತಿದೆ.”

ಮೂವತ್ತು ವರ್ಷ ಇದೇ ನೊರೆಯಿಂದ ಅನ್ನ ತಿಂದವನು ತಟ್ಟೆಯ ಮೇಲೆ ಬಗ್ಗಿ ನೋಡಿದ. ಒಂದು ಕಡೆ ಬದುಕಿನ ಬಿರುದು ಬಾವಲಿಗಳು, ಇನ್ನೊಂದು ಕಡೆ ಅಕ್ಕನ ಮೀನು. ಒಂದು ಗಳಿಗೆ ಮೀನನ್ನು ನೋಡಿದ. ಅದೂ ಅಡ್ಡಡ್ಡ ಅವನನ್ನೇ ನೋಡಿತು, ಥೇಟ್ ಆಮೆಯ ಹಾಗೆ. ಟ್ರೋಫಿಗಳೆಲ್ಲ ಕಸದ ಬಕೆಟ್ ಸೇರಿದವು. ಅಂದಿನಿಂದ ಅಂಗಡಿಯವನು ಹೇಳಿದಂತೆ ದಿನಕ್ಕೆರಡು ಚೊಂಬು ಹಳೆಯ ನೀರು ತೆಗೆದು, ಎರಡು ಚೊಂಬು ಫಿಲ್ಟರ್ ನೀರು ಬೆರೆಸುವ ಶಾಂತಿಕಾಲ. ವಿನೆಗರ್ ಬಾಟಲಿಗೆ ಹೆಂಡತಿ ಬೀಗ ಹಾಕಿದಳು. ಹತ್ತು ದಿನ ಕಳೆಯುವುದರೊಳಗೆ ಮೀನಿನ ಪಟ್ಟೆಗಳು ಮತ್ತೆ ಕಪ್ಪಾದವು.

ಕಪ್ಪು ಕನ್ನಡಕ ಹಾಕಿಕೊಂಡು ಅಕ್ಕ ಬಂದಳು, ಕೈಯಲ್ಲಿ ಪೊಟ್ಟಣ. “ಪಾಪ, ಬೋಳು ತೊಟ್ಟೀಲಿದೆ. ಆಡ್ಕೊಳ್ಲಿ ಅಂತ ಶಂಖ ತಂದೆ” ಎಂದು ಇನ್ನೇನು ನೀರಿಗೆ ಹಾಕಬೇಕು.

“ಬೇಡ!”

ಜೀವಮಾನದಲ್ಲಿ ಮೊದಲ ಸಲ ಅಕ್ಕನಿಗೆ ಎದುರಾಡಿದ ಗೀಸರಣ್ಣ ತಾನೇ ಬೆವತುಹೋದ. ಹೆಂಡತಿ ಬೀಗ ತೆರೆದು ವಿನೆಗರ್ ಬಾಟಲಿ ತಂದಳು. ಶಂಖದ ಮೇಲೆ ಒಂದು ಹನಿ ಬಿತ್ತು. ಬುಸ್ಸ್!

ಅಕ್ಕ ಕನ್ನಡಕ ಎತ್ತಿ, ಆಪರೇಷನ್ ಆದ ಕಣ್ಣಲ್ಲಿ ಶಂಖವನ್ನು ನೋಡಿದಳು, ಮೀನನ್ನು ನೋಡಿದಳು, ಕೊನೆಗೆ ಖಾಲಿ ಷೋಕೇಸನ್ನು ನೋಡಿದಳು.

“ನಿನ್ನ ಹಲ್ಲುಗಳೆಲ್ಲ ಎಲ್ಲಿಗೆ ಹೋದ್ವೋ?”

“ಮೀನಿಗೆ ಒಗ್ಗಲಿಲ್ಲ ಅಕ್ಕಾ.”

ಅಕ್ಕ ಶಂಖವನ್ನು ಷೋಕೇಸಿನಲ್ಲಿಟ್ಟಳು. ಆಮೇಲೆ ಕೈಚೀಲ ತಡಕಾಡಿ ತನ್ನ ಮನೆಯ ಬೀಗದ ಕೈ ತೆಗೆದು ತಮ್ಮನ ಕೈಗಿಟ್ಟಳು.

“ಬರೋ ತಿಂಗಳು ಇನ್ನೊಂದು ಕಣ್ಣು. ಮೀನು ಅಲ್ಲೇ ಇರುತ್ತೆ, ನೀನೇ ಬಂದು ನೋಡ್ಕೋ. ಬಚ್ಚಲಲ್ಲಿ ಸೋಪಿದೆ, ಮುಟ್ಟಬೇಡ.”