ಟವಲಿನ ಕೆಳಗೆ ಹೇಳಿದ ನೋವು

ಗಜೇಂದ್ರಗಡದ ದನದ ಸಂತೆಯಲ್ಲಿ ನನ್ನ ಎದುರಾಳಿ ದಲ್ಲಾಳಿಯಾಗಿದ್ದ ಮೌಲಾಸಾಬನನ್ನು ನೋಡಲು ಹುಬ್ಬಳ್ಳಿಯ ದವಾಖಾನೆಗೆ ಹೋಗಿದ್ದೆ. ಅವನ ಕ್ಯಾನ್ಸರ್ ವಾಸಿಯಾಗುವ ಹಂತ ದಾಟಿತ್ತು. ನೋವು ಇಳಿಸುವುದಷ್ಟೇ ಉಳಿದಿತ್ತು. ಸಂತೆಯ ಗದ್ದಲದಲ್ಲೇ ಬಾಳಿದವನಿಗೆ ಅಲ್ಲಿ ಹೆಂಡತಿ ಬಿಟ್ಟರೆ ಮಾತಿಗೆ ಯಾರೂ ಇರಲಿಲ್ಲ.

"ಹತ್ತರೊಳಗ ಎಷ್ಟು ನೋವೈತ್ರಿ?" ಎಂದು ಡಾಕ್ಟರು ಕೇಳಿದರು. ಅದನ್ನು ನೋಡಿಯೇ ಅವರು ಔಷಧ ಬರೆಯುವುದು.

ಮೌಲಾಸಾಬ ಹೆಂಡತಿಯ ಮುಖ ನೋಡಿ, "ಎರಡಽ ರೀ" ಎಂದ. ಹಣೆ ತುಂಬ ಬೆವರಿತ್ತು.

ಎತ್ತಿನ ವ್ಯಾಪಾರದಲ್ಲಿ ನಾವು ದರವನ್ನು ಬಾಯಿಬಿಟ್ಟು ಹೇಳುವುದಿಲ್ಲ, ಟವಲಿನ ಕೆಳಗೆ ಬೆರಳು ಹಿಡಿದು ತಿಳಿಸುತ್ತೇವೆ. ಡಾಕ್ಟರು ಹೊರಗೆ ಹೋದ ಮೇಲೆ ನನ್ನ ಟವಲನ್ನು ಅವನ ಕೈಮೇಲೆ ಹಾಕಿ, "ಈಗ ಖರೇ ಹೇಳೋ ಮಾರಾಯಾ" ಎಂದೆ.

"ಇಲ್ಲೂ ದಲ್ಲಾಳಿಕಿ ಬಿಡಂಗಿಲ್ಲೇನೋ?" ಎಂದು ನಕ್ಕ. ನನ್ನ ಐದೂ ಬೆರಳು ಒತ್ತಿದ, ಆಮೇಲೆ ನಾಲ್ಕು. ಕೈಯನ್ನು ಮಾತ್ರ ಬಹಳ ಹೊತ್ತು ಬಿಡಲಿಲ್ಲ.

ಹೊರಗೆ ಡಾಕ್ಟರಿಗೆ ಒಂಬತ್ತು ಎಂದೆ. ಅವರು ಔಷಧ ಏರಿಸಿದರು. ಅಷ್ಟರಲ್ಲಿ ಅವನ ಹೆಂಡತಿ ಬಂದು, "ಅಣ್ಣಾರ, ಟವಲಿನ ಕೆಳಗ ಅವರು ಎಷ್ಟಂತ ಹೇಳಿದ್ರು?" ಎಂದಳು.

"ಎರಡಽ ಅಂದಾನ, ಭಾಬಿ."

ಊರಿಗೆ ಮರಳುವಾಗ ರೋಣದ ಬಸ್ಸಿನಲ್ಲಿ ಒಬ್ಬನೇ ಕೂತು ಬಂದೆ. ಒಂದೇ ಮಾಲಿಗೆ ಇಬ್ಬರಿಗೆ ಎರಡು ದರ ಹೇಳಿದ್ದು ಅದೇ ಮೊದಲೇನಲ್ಲ, ಲಾಭವಿಲ್ಲದೆ ಹೇಳಿದ್ದು ಮಾತ್ರ ಅದೊಂದೇ ಸಲ.