ಕೆಳಗಿನಣ್ಣನ ಮೀನು ಡಬ್ಬಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಹೊಳೆ ದಾಟಿಸುವ ಲಾಂಚಿನ ಹೊಟ್ಟೆಯೊಳಗೆ ಒಬ್ಬರು ಕುಕ್ಕರಗಾಲಲ್ಲಿ ಕೂತು, ಹಳೇ ಬನಿಯನ್ನಿನ ತುಂಡಿನಿಂದ ಇಂಜಿನ್ನಿನ ಮೈ ಒರೆಸುತ್ತಿದ್ದಾರೆ, ಮಗುವಿನ ಮುಖ ಒರೆಸಿದ ಹಾಗೆ. ಎಣ್ಣೆ ನೋಡುತ್ತಾರೆ, ಹಿಡಿ ತಿರುಗಿಸುತ್ತಾರೆ. ಇಂಜಿನ್ ಕೆಮ್ಮಿ ಕೆಮ್ಮಿ ಎದ್ದುಕೊಳ್ಳುತ್ತದೆ. ಆಮೇಲೆ ಬಲ ಮುಂಗೈಗೆ ಒಂದು ಹಗ್ಗದ ಕುಣಿಕೆ ಹಾಕಿಕೊಳ್ಳುತ್ತಾರೆ. ಅಷ್ಟರಲ್ಲಿ ತಲೆಯ ಮೇಲಿನ ಕಿಂಡಿಯಿಂದ ಒಂದು ಕೈ ಇಳಿಯುತ್ತದೆ. ಕೈಯಲ್ಲಿ ಮುಚ್ಚಿದ ಡಬ್ಬಿ.

"ಕೆಳಗಿನಣ್ಣಾ, ಎರಡು ಮೀನಿದೆ. ಉಪ್ಪು ಸವರಿದ್ದೀನಿ."

ಕೆಳಗೆ ಇರುವುದರಿಂದ ಅವರು ಕೆಳಗಿನಣ್ಣ. ಲಾಂಚಿನವರಿಗೂ ದಡದವರಿಗೂ ಅದೇ ಹೆಸರು. ಡಬ್ಬಿಯನ್ನು ಅವರು ಕಾದ ಸೈಲೆನ್ಸರ್ ಕೊಳವೆಯ ಮೇಲೆ, ತಾವೇ ತಂತಿಯಿಂದ ಹೆಣೆದ ಗೂಡಿನಲ್ಲಿ ಇಡುತ್ತಾರೆ. ಆಚೆ ದಡ ಮುಟ್ಟುವಷ್ಟರಲ್ಲಿ ಮೀನು ಬೆಂದಿರುತ್ತದೆ.

ಲಾಂಚ್ ಕಾಯುತ್ತಾ ಕಟ್ಟೆಯ ಮೇಲೆ ಕೂತವರು ಸುಮ್ಮನಿರುವುದಿಲ್ಲ, ಗಾಳ ಹಾಕುತ್ತಾರೆ. ಲಾರಿಯವರು, ಊರೂರು ತಿರುಗಿ ಪಾತ್ರೆ ಮಾರುವವರು, ಬಾಡಿಗೆ ಕೋಣೆಯಲ್ಲಿ ಇಳಿದವರು. ಮೀನು ಸಿಗುತ್ತದೆ, ಒಲೆ ಎಲ್ಲಿಂದ ತರುವುದು? ಕೆಳಗಿನಣ್ಣ ಅದಕ್ಕೆ ಏನೂ ತೆಗೆದುಕೊಳ್ಳುವುದಿಲ್ಲ. "ಕೊಳವೆ ಹೇಗೂ ಸುಡ್ತಾ ಇರುತ್ತೆ. ಬಿಸಿ ನಂದಲ್ಲ, ಹಿಡಿದ ಮೀನು ನಂದಲ್ಲ. ನಾನೇನು ಕೇಳ್ಲಿ?" ಅವರದು ಒಂದೇ ಕಟ್ಟಳೆ: ಹೊಟ್ಟೆ ತೆಗೆದು, ತೊಳೆದು ತರಬೇಕು. ಒಬ್ಬ ಲಾರಿಯವ ಹಾಗೇ ತಂದಾಗ ಡಬ್ಬಿ ವಾಪಸ್ಸು ಮೇಲೆ ಹೋಯಿತು. "ಇಂಜಿನ್ ವಾಂತಿ ಮಾಡ್ಕೊಳ್ಳುತ್ತೆ, ತೊಳ್ಕೊಂಡು ಬಾರಪ್ಪ."

ಅವರ ಅಪ್ಪನೂ ಇದೇ ಲಾಂಚಿನ ಕೆಳಗೆ ಇದ್ದವರು. ತಮ್ಮ ಬುತ್ತಿ ಬಿಸಿ ಮಾಡಲು ಕೊಳವೆಯ ಮೇಲೆ ಇಡುತ್ತಿದ್ದರು. ಮಗ ಅದನ್ನೇ ಊರಿಗೆಲ್ಲ ಹಂಚಿದರು. ಮನೆಯಾಕೆ ನಗುತ್ತಲೇ ದೂರು ಹೇಳುತ್ತಾರೆ: "ದಾರಿಹೋಕರಿಗೆಲ್ಲ ಮೀನು ಬೇಯಿಸ್ತಾರೆ. ಮನೇಲಿ ಒಂದು ಲೋಟ ನೀರು ಕಾಯಿಸೋಕೆ ಬರಲ್ಲ ಅಂತಾರೆ."

ಇಂಜಿನ್ನಿನ ಸದ್ದು ಅವರ ಕಿವಿಯನ್ನು ಸ್ವಲ್ಪ ಸ್ವಲ್ಪವೇ ತಿಂದುಹಾಕಿದೆ. ಮೊದಲು ಚುಕ್ಕಾಣಿಯವರು ಮೇಲಿಂದ ಗಂಟೆ ಬಾರಿಸುತ್ತಿದ್ದರು. ಗಂಟೆ ಕೇಳಿಸದಂತಾದ ಮೇಲೆ ಈ ಹಗ್ಗ ಬಂತು. ಒಂದು ಎಳೆತ ಎಂದರೆ ಹೊರಡು, ಎರಡು ನಿಧಾನ, ಮೂರು ನಿಲ್ಲಿಸು. ಹೊಳೆ ಕಾಣುವ ಕಣ್ಣು ಮೇಲಿದೆ, ನಡೆಸುವ ಕೈ ಕೆಳಗಿದೆ. ನಡುವೆ ಹಗ್ಗ. ಮೀನು ಬೆಂದದ್ದು ಹೇಗೆ ತಿಳಿಯುತ್ತದೆ ಎಂದರೆ ಮೂಗು ತೋರಿಸುತ್ತಾರೆ. "ಡೀಸೆಲ್ ವಾಸನೆ ಮೀರಿ ಮೀನಿನ ವಾಸನೆ ಬಂತು ಅಂದ್ರೆ ಬೆಂತು."

ಚುಕ್ಕಾಣಿಯವರ ಬಾಯಿ ಮಾತ್ರ ಬಲು ಜೋರು. ಕಿಂಡಿ ಇರುವುದು ಅವರ ಕಾಲಬುಡದಲ್ಲೇ. "ಇದು ಲಾಂಚೋ, ಅಡುಗೆ ಮನೆಯೋ? ನಿನ್ನ ಮೀನು ಬೇಯೋವರೆಗೂ ನಡುಹೊಳೇಲಿ ನಿಲ್ಲಿಸಿಕೊಂಡು ಕೂರ್ಲಾ?" ದಿನವೂ ಇದೇ ರಾಗ.

ಈ ಮಳೆಗಾಲದ ಮೊದಲಲ್ಲಿ ಒಬ್ಬಾಕೆ ಬಂದರು. ಹೊಳೆಯ ಮೇಲ್ಭಾಗದ ಊರಿನ ಮೀನುಗಾರರ ಮನೆಯವರು. ಗಂಡನಿಗೆ ಆಚೆ ದಡದ ಆಸ್ಪತ್ರೆಯಲ್ಲಿ ಹೊಟ್ಟೆಯ ಆಪರೇಷನ್ ಆಗಿತ್ತು. ಗಾಯ ಮಾಯುತ್ತಿತ್ತು, ಆದರೆ ಮನುಷ್ಯ ಅನ್ನ ಮುಟ್ಟುತ್ತಿರಲಿಲ್ಲ. ತಿನ್ನದೇ ಇದ್ದರೆ ಉಳಿಸಿಕೊಳ್ಳುವುದು ಕಷ್ಟ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಈಕೆ ಇಳಿದ ಕೋಣೆ ಈಚೆ ದಡದಲ್ಲಿ, ಒಲೆ ಹಚ್ಚುವ ಹಾಗಿಲ್ಲ. ಗಾಳವೊಂದನ್ನು ಮಾತ್ರ ಸೆರಗಿಗೆ ಸುತ್ತಿಕೊಂಡು ಬಂದಿದ್ದರು.

ದಿನವೂ ಕಿಂಡಿಯಿಂದ ಸವೆದ ಬಳೆಯ ಕೈ ಇಳಿಯುತ್ತಿತ್ತು. ಕೆಳಗಿನಣ್ಣ ಆಕೆಯ ಮುಖ ನೋಡಿಲ್ಲ. ಸಂಜೆ ಡಬ್ಬಿ ತುಂಬಿಯೇ ವಾಪಸ್ಸು ಬರುತ್ತಿತ್ತು. "ಗೋಡೆ ಕಡೆ ತಿರುಗಿ ಮಲಗ್ತಾರೆ ಅಣ್ಣಾ. ನೀವೇ ತಿಂದುಬಿಡಿ," ಎಂದು ಕಿಂಡಿಗೆ ಬಾಯಿಟ್ಟು ಕೂಗುತ್ತಿದ್ದರು. ಅವರು ಮುಚ್ಚಳ ತೆಗೆಯದೆ ಡಬ್ಬಿಯನ್ನು ಮತ್ತೆ ಮೇಲೆತ್ತಿಬಿಡುತ್ತಿದ್ದರು.

ಹೀಗಿರುವಾಗ ಒಂದು ಬೆಳಿಗ್ಗೆ ಆಕೆಯ ದನಿಯೇ ಬೇರೆ. "ಅಣ್ಣಾ, ನಿನ್ನೆ ಅವರೇ ಬಾಯಿಬಿಟ್ಟು ಕೇಳಿದ್ರು. ದಪ್ಪ ಮೀನು ಸಿಕ್ರೆ ತಾ ಅಂದ್ರು. ಸಿಕ್ಕಿದೆ!" ಡಬ್ಬಿಯಲ್ಲಿ ಅಂಗೈಯಗಲದ ತುಂಡುಗಳು. ಕೆಳಗಿನಣ್ಣ ಒಂದನ್ನು ಬೆರಳಲ್ಲಿ ಒತ್ತಿ ನೋಡಿದರು. ಹೊಳೆ ತುಂಬಿತ್ತು, ಸೆಳೆತ ಲಾಂಚನ್ನು ಬೇಗ ಬೇಗ ಆಚೆಗೆ ಒಯ್ಯುತ್ತಿತ್ತು. ಇಷ್ಟು ದಪ್ಪದ ತುಂಡು ಅಷ್ಟರಲ್ಲಿ ಬೇಯುವುದಿಲ್ಲ. ಇನ್ನೊಂದು ಸುತ್ತು ಹೋಗಿ ಬಂದರೆ ರೋಗಿಗಳಿಗೆ ಊಟ ಕೊಡುವ ಹೊತ್ತು ಮೀರುತ್ತದೆ, ಬಾಗಿಲು ಹಾಕುತ್ತಾರೆ.

"ಬೇಯುತ್ತಾ ಅಣ್ಣಾ?" ಎಂದು ಆಕೆ ಕೂಗಿದರು. "ನೋಡೋಣಮ್ಮ," ಎಂದರು. ಡಬ್ಬಿಯನ್ನು ಗೂಡಿನ ನಡುವಿಗೆ ಒತ್ತಿಟ್ಟರು.

ಎಷ್ಟೋ ವರ್ಷ ಹೊಳೆ ದಾಟಿದ ಮೈ ಅದು, ನಿಲ್ಲುವ ಜಾಗ ಹತ್ತಿರವಾದದ್ದು ಅದಕ್ಕೆ ತಿಳಿಯುತ್ತದೆ. ಹಗ್ಗ ಈಗ ಎಳೆಯಬೇಕು. ಎಳೆಯಲಿಲ್ಲ. ಬದಲಿಗೆ ಲಾಂಚ್ ಮೆಲ್ಲಗೆ ವಾಲಿತು, ಸೆಳೆತಕ್ಕೆ ಎದುರಾಗಿ ಇಂಜಿನ್ ತಿಣುಕತೊಡಗಿತು. ಮರಳು ದಿಬ್ಬವನ್ನು ಬಳಸಿ ಸುತ್ತುಹಾದಿ ಹಿಡಿದದ್ದು ಅವರಿಗೆ ಕೆಳಗೆ ಕೂತಲ್ಲೇ ಗೊತ್ತಾಯಿತು.

ಮೇಲಿದ್ದ ಪ್ರಯಾಣಿಕರು ಗೊಣಗಿದರಂತೆ. "ಏನ್ರೀ, ದಡ ಅಲ್ಲಿದೆ, ನೀವೆಲ್ಲಿಗೆ ಹೊರಟ್ರಿ?"

"ದಿಮ್ಮಿ ತೇಲಿ ಬರ್ತಾ ಇದೆ, ಕಾಣಲ್ವಾ? ಈಜಿಕೊಂಡು ಹೋಗೋರು ಹೋಗಬಹುದು," ಎಂದರಂತೆ ಚುಕ್ಕಾಣಿಯವರು. ದಿಮ್ಮಿಯನ್ನು ಬೇರೆ ಯಾರೂ ಕಂಡಿಲ್ಲ.

ಕೆಳಗೆ ಡೀಸೆಲ್ ವಾಸನೆ ಸೋತು ಮೀನಿನ ವಾಸನೆ ಎದ್ದಿತು. ಆಮೇಲೆ ಹಗ್ಗ ಎಳೆಯಿತು, ಎರಡು ಸಲ, ಮತ್ತೆ ಮೂರು.

ಆ ಸಂಜೆ ಡಬ್ಬಿ ಹಗುರವಾಗಿ ಇಳಿಯಿತು. ಮುಚ್ಚಳ ತೆಗೆದರೆ ಮುಳ್ಳು ಮಾತ್ರ. ಆಕೆಯ ಕೈ ಕಿಂಡಿಯಲ್ಲೇ ಸ್ವಲ್ಪ ಹೊತ್ತು ಉಳಿಯಿತು.

ಕಳೆದ ವಾರ ಗಂಡಹೆಂಡತಿ ಊರಿಗೆ ಹೊರಟರು. ಲಾಂಚ್ ಬಿಡುವ ಮುಂಚೆ ಕಿಂಡಿಯಿಂದ ಹೊಸ ಕೈಯೊಂದು ಇಳಿಯಿತು. ಗಂಡಸಿನ ಕೈ, ಬಡಕಲು, ಸೂಜಿ ಚುಚ್ಚಿದ ಕಡೆ ಇನ್ನೂ ನೀಲಿ. "ಆಸ್ಪತ್ರೆ ಮುಂದಿನ ಹೊಳೆಕಟ್ಟೇಲಿ ಕೂತು ನಾನೇ ಹಿಡಿದದ್ದು. ಇದು ನಿಮಗೆ."

ನಿಮಗೇನು ಆಸೆ ಎಂದು ಕೇಳಿದರೆ ಕೆಳಗಿನಣ್ಣ ಕುಣಿಕೆ ಬಿಚ್ಚಿ ಮುಂಗೈ ಉಜ್ಜಿಕೊಳ್ಳುತ್ತಾರೆ. "ಒಂದು ದಿನ ಮೇಲೆ ಕೂತು ಹೊಳೆ ದಾಟಬೇಕು. ಡಬ್ಬಿ ಕೊಟ್ಟೋರ ಮುಖ ನೋಡ್ಬೇಕು. ಅಷ್ಟೇ."

ಸುತ್ತುಹಾದಿಯ ಮಾತನ್ನು ಅವರು ಚುಕ್ಕಾಣಿಯವರ ಬಳಿ ಇದುವರೆಗೂ ಎತ್ತಿಲ್ಲ. "ಎತ್ತಿದ್ರೆ ಬೈತಾನೆ." ಆದರೆ ಗಂಡಹೆಂಡತಿ ಹೊರಟ ದಿನ, ತಮಗೆ ಬಂದ ಮೀನು ಬೆಂದ ಮೇಲೆ ಕಿಂಡಿಯಿಂದ ಡಬ್ಬಿಯನ್ನು ಚುಕ್ಕಾಣಿಯವರತ್ತ ಮೇಲಕ್ಕೆತ್ತಿದರು.

"ತಲೆ ತುಂಡು ನಿನಗೆ. ಯಾಕೆ ಅಂತ ಕೇಳಬೇಡ."

"ನಾನ್ಯಾಕೆ ಕೇಳ್ಲಿ," ಎಂದರು ಚುಕ್ಕಾಣಿಯವರು. ಹಗ್ಗ ಒಮ್ಮೆ ಎಳೆಯಿತು. ಲಾಂಚ್ ಹೊರಟಿತು.